ಜೇನಿಗೂ ಜೋನಿ ಬೆಲ್ಲಕ್ಕೂ ಒಂದೇ ಡಿಜಿಟಲ್ ರಿಫ್ರ್ಯಾಕ್ಟೋಮೀಟರ್: ತಾಪಮಾನದ ಲೆಕ್ಕ ಎಷ್ಟು ಸರಿ?

ಶಿರಸಿ ಸೀಮೆಯ ನಮ್ಮ ಚಿಕ್ಕ ಸಂಸ್ಕರಣಾ ಘಟಕಕ್ಕೆ ಆಲೆಮನೆಯ ಕಾಲದಲ್ಲಿ ಜೋನಿ ಬೆಲ್ಲ, ಎಂದರೆ ಗಟ್ಟಿಯಾಗಿಸದ ದ್ರವ ಬೆಲ್ಲ, ಬರುತ್ತದೆ, ಬೇಸಿಗೆಯಲ್ಲಿ ತುಡುವೆ ಜೇನು ಬರುತ್ತದೆ. ಎರಡರ ಬಾಳಿಕೆಯನ್ನೂ ನಿರ್ಧರಿಸುವುದು ಅವುಗಳಲ್ಲಿ ಉಳಿದಿರುವ ನೀರು. ಜೋನಿ ಬೆಲ್ಲದಲ್ಲಿ ನೀರು ಹೆಚ್ಚಾದರೆ ಮಳೆಗಾಲಕ್ಕೆ ಮೊದಲೇ ಹುಳಿ ವಾಸನೆ ಏಳುತ್ತದೆ, ಕಡಿಮೆಯಾದರೆ ಡಬ್ಬಿಯ ತಳದಲ್ಲಿ ಹರಳು ಕಟ್ಟುತ್ತದೆ. ಜೇನಿನಲ್ಲಿ ನೀರು ಹೆಚ್ಚಾದರೆ ನೊರೆ ಬಂದು ಬಾಟಲಿಯ ಮುಚ್ಚಳವೇ ಉಬ್ಬುತ್ತದೆ. ಈ ನೀರಿನ ಅಂಶವನ್ನು ಒಂದು ಹನಿಯಲ್ಲಿ, ಕೆಲವೇ ಕ್ಷಣಗಳಲ್ಲಿ ಹೇಳಬಲ್ಲ ಅಗ್ಗದ ಸಾಧನವೆಂದರೆ ರಿಫ್ರ್ಯಾಕ್ಟೋಮೀಟರ್, ಬೆಳಕು ದ್ರವದಲ್ಲಿ ಎಷ್ಟು ಬಾಗುತ್ತದೆ ಎಂಬುದನ್ನು ಅಳೆಯುವ ಉಪಕರಣ. ಮಸೂರದ ಮೂಲಕ ಕಣ್ಣಿಟ್ಟು ನೋಡುವ ಹಳೆಯ ಮಾದರಿಯನ್ನು ಬಹುಕಾಲ ಬಳಸಿದ ಮೇಲೆ ಈಗ ಜೇಬಿನಲ್ಲಿ ಹಿಡಿಯುವ ಡಿಜಿಟಲ್ ಮಾದರಿಯೊಂದನ್ನು ತೆರಿಗೆ ಸೇರಿ ಹನ್ನೆರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಂಡಿದ್ದೇವೆ. ಇದೇ ರೂಪದ, ಇದೇ ಗುಂಡಿಗಳಿರುವ ಉಪಕರಣ ಮಾರುಕಟ್ಟೆಯಲ್ಲಿ ಹಲವು ಹೆಸರುಗಳಲ್ಲಿ ಸಿಗುವುದರಿಂದ ನಮ್ಮದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ‘ಎಟಿಸಿ’, ಅಂದರೆ ತಾಪಮಾನವನ್ನು ತಾನಾಗಿಯೇ ಸರಿದೂಗಿಸುವ ವ್ಯವಸ್ಥೆ, ನಮ್ಮ ಊರಿನ ಹವೆಯಲ್ಲಿ ಮತ್ತು ಆಲೆಮನೆಯ ಒಲೆಯ ಬದಿಯಲ್ಲಿ ಎಷ್ಟರ ಮಟ್ಟಿಗೆ ಮಾತು ಉಳಿಸಿಕೊಳ್ಳುತ್ತದೆ ಎಂಬುದೊಂದನ್ನೇ ಈ ವಿಮರ್ಶೆ ನೋಡುತ್ತದೆ. ಉಳಿದ ಗುಣಗಳೆಲ್ಲ ಆಮೇಲಿನವು.

ತಾಪಮಾನಕ್ಕೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಕೆಲವು ಅಂಕಿಗಳು ಸಾಕು. 589 ನ್ಯಾನೊಮೀಟರಿನ ಹಳದಿ ಬೆಳಕಿನಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶುದ್ಧ ನೀರಿನ ವಕ್ರೀಭವನ ಸೂಚ್ಯಂಕ, ಎಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, 1.3330. ಅದೇ ನೀರನ್ನು 30 ಡಿಗ್ರಿಗೆ ಕಾಯಿಸಿದರೆ 1.3319ಕ್ಕೆ ಇಳಿಯುತ್ತದೆ. ಬಿಸಿಯಾದ ದ್ರವ ಹಿಗ್ಗುತ್ತದೆ, ಸಾಂದ್ರತೆ ಕಡಿಮೆಯಾಗುತ್ತದೆ, ಬೆಳಕು ಕಡಿಮೆ ಬಾಗುತ್ತದೆ. ಇಳಿಕೆ ಒಂದು ಡಿಗ್ರಿಗೆ ಸುಮಾರು 0.0001 ಮಾತ್ರ ಎಂದು ಕಡೆಗಣಿಸುವಂತಿಲ್ಲ. ತೆಳು ದ್ರಾವಣದಲ್ಲಿ ಒಂದು ಬ್ರಿಕ್ಸ್, ಎಂದರೆ 100 ಗ್ರಾಂ ದ್ರಾವಣದಲ್ಲಿ ಒಂದು ಗ್ರಾಂ ಸಕ್ಕರೆ, ಸೂಚ್ಯಂಕವನ್ನು ಏರಿಸುವುದೇ 0.0015ರಷ್ಟು. ಹಾಗಾಗಿ ಹತ್ತು ಡಿಗ್ರಿಯ ವ್ಯತ್ಯಾಸ ಮುಕ್ಕಾಲು ಬ್ರಿಕ್ಸಿಗೆ ಸಮನಾಗುತ್ತದೆ. ಸಕ್ಕರೆ ಉದ್ಯಮ ಬಳಸುವ ಇಕುಮ್ಸಾ (ಸಕ್ಕರೆ ಪರೀಕ್ಷೆಯ ಅಂತರರಾಷ್ಟ್ರೀಯ ಆಯೋಗ) ಕೋಷ್ಟಕಗಳು 20 ಡಿಗ್ರಿಯನ್ನೇ ಆಧಾರವಾಗಿಟ್ಟುಕೊಂಡಿವೆ. ನಮ್ಮ ಊರಿನಲ್ಲಿ ಜನವರಿಯ ಮುಂಜಾವವನ್ನು ಬಿಟ್ಟರೆ 20 ಡಿಗ್ರಿ ಸಿಗುವುದೇ ಅಪರೂಪ. ಬೆಳಿಗ್ಗೆ 15, ಮಧ್ಯಾಹ್ನ 33, ಕೊಪ್ಪರಿಗೆಯ ಪಕ್ಕದಲ್ಲಿ 40 ದಾಟುವ ಜಾಗದಲ್ಲಿ, ಸರಿದೂಗಿಸದ ಅಳತೆಯನ್ನು ಅಳತೆ ಎನ್ನಲಾಗದು.

1874ರಲ್ಲಿ ತಮ್ಮ ರಿಫ್ರ್ಯಾಕ್ಟೋಮೀಟರನ್ನು ಪ್ರಕಟಿಸಿದ ಜರ್ಮನಿಯ ಅರ್ನ್ಸ್ಟ್ ಅಬ್ಬೆಯವರ ಹೆಸರಿನ ಉಪಕರಣಗಳಲ್ಲಿ ಈ ಸಮಸ್ಯೆಗೆ ನೇರವಾದ ಪರಿಹಾರವಿದೆ. ಹನಿ ಹಾಕುವ ಗಾಜಿನ ಪಟ್ಟಕ, ಎಂದರೆ ಪ್ರಿಸಂ, ಕೂತ ಲೋಹದ ಗೂಡಿನೊಳಗೆ ನಿಗದಿತ ತಾಪಮಾನದ ನೀರನ್ನು ಹರಿಸಿ, ಹನಿಯನ್ನೇ 20 ಡಿಗ್ರಿಗೆ ತರಲಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಇಂದಿಗೂ ಕಾಣುವ ಈ ಉಪಕರಣಕ್ಕೆ ಸರಿದೂಗಿಸುವ ಲೆಕ್ಕವೇ ಬೇಕಿಲ್ಲ. ಜೇಬಿನ ಉಪಕರಣ ಅದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ: ಹನಿ ಯಾವ ತಾಪಮಾನದಲ್ಲಿದೆಯೋ ಆ ತಾಪಮಾನದಲ್ಲೇ ಸೂಚ್ಯಂಕವನ್ನು ಅಳೆದು, 20 ಡಿಗ್ರಿಯಲ್ಲಿ ಅದು ಎಷ್ಟಿರುತ್ತಿತ್ತು ಎಂದು ಊಹಿಸಿ ಹೇಳುತ್ತದೆ. ಈ ಊಹೆ ಸರಿಯಾಗಬೇಕಾದರೆ ಎರಡು ವಿಷಯಗಳು ಅದಕ್ಕೆ ಗೊತ್ತಿರಬೇಕು. ಹನಿಯ ನಿಜವಾದ ತಾಪಮಾನ ಒಂದು, ಆ ದ್ರವ ಒಂದೊಂದು ಡಿಗ್ರಿಗೆ ಎಷ್ಟು ಬದಲಾಗುತ್ತದೆ ಎಂಬುದು ಇನ್ನೊಂದು. ನಮ್ಮ ಬಳಕೆಯಲ್ಲಿ ಕಂಡ ತೊಂದರೆಗಳೆಲ್ಲವೂ ಈ ಎರಡರಲ್ಲಿ ಒಂದರ ಕೊರತೆಯಿಂದಲೇ ಹುಟ್ಟಿದವು.

ಮಸೂರದ ಹಳೆಯ ಉಪಕರಣದಲ್ಲಿ ತಾಪಮಾನವನ್ನು ಗುರುತಿಸುವುದು ಒಂದು ದ್ವಿಲೋಹದ ಪಟ್ಟಿ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಈ ಪಟ್ಟಿ ಬಿಸಿಗೆ ಬಾಗಿ, ಒಳಗಿನ ದೃಕ್ ಭಾಗವನ್ನು ಕೂದಲೆಳೆಯಷ್ಟು ಸರಿಸುತ್ತದೆ. ಕಣ್ಣಿಗೆ ಕಾಣುವ ನೀಲಿ ಮತ್ತು ಬಿಳಿಯ ಗಡಿರೇಖೆ ಅಷ್ಟೇ ಜರುಗುತ್ತದೆ. ಇದು ಜಾಣ ಯಾಂತ್ರಿಕತೆ. ಬ್ಯಾಟರಿ ಬೇಡ, ವಿದ್ಯುತ್ ಬೇಡ. ಆದರೆ ಪಟ್ಟಿ ಇರುವುದು ಕೊಳವೆಯ ಒಳಗೆ, ಹನಿ ಇರುವುದು ಪ್ರಿಸಂ ಮೇಲೆ. ಅದು ಅಳೆಯುವುದು ಉಪಕರಣದ ಮೈಯ ತಾಪಮಾನವನ್ನೇ ಹೊರತು ಹನಿಯದ್ದನ್ನಲ್ಲ. ಜೊತೆಗೆ ಇಂತಹ ಉಪಕರಣಗಳ ಸರಿದೂಗಿಕೆ ಸಾಮಾನ್ಯವಾಗಿ 10ರಿಂದ 30 ಡಿಗ್ರಿಯವರೆಗೆ ಮಾತ್ರ ಎಂದು ಕೈಪಿಡಿಯ ಮೂಲೆಯಲ್ಲಿ ಬರೆದಿರುತ್ತದೆ, ಅದನ್ನು ಓದಿದವರನ್ನು ನಾನು ಹೆಚ್ಚು ಕಂಡಿಲ್ಲ. ಡಿಜಿಟಲ್ ಉಪಕರಣದಲ್ಲಿ ಈ ಕೆಲಸವನ್ನು ಹನಿ ಹಾಕುವ ಉಕ್ಕಿನ ಬಟ್ಟಲಿಗೆ ತಾಗಿಕೊಂಡಿರುವ ತಾಪಸಂವೇದಕ ಮಾಡುತ್ತದೆ. ಒಳಗಿನ ಹಳದಿ ಎಲ್‌ಇಡಿ ಪ್ರಿಸಂನ ಮೂಲಕ ಹನಿಯ ತಳಕ್ಕೆ ಬೆಳಕು ಬಿಡುತ್ತದೆ, ಯಾವ ಕೋನದಿಂದ ಆಚೆಗೆ ಬೆಳಕು ಪೂರ್ತಿಯಾಗಿ ಹಿಂದಿರುಗುತ್ತದೆ ಎಂಬುದನ್ನು ಸಾಲು ಸಂವೇದಕ ಗುರುತಿಸುತ್ತದೆ, ಆ ಕ್ರಾಂತಿಕೋನದಿಂದ ಸೂಚ್ಯಂಕ ಸಿಗುತ್ತದೆ. ಅದಕ್ಕೆ ತಾಪಮಾನದ ಲೆಕ್ಕ ಸೇರಿಸಿ ಪರದೆಯ ಮೇಲೆ ಬ್ರಿಕ್ಸ್ ಮೂಡುತ್ತದೆ, ಅದರ ಕೆಳಗೆ ಚಿಕ್ಕ ಅಂಕಿಯಲ್ಲಿ ತಾಪಮಾನವೂ ಮೂಡುತ್ತದೆ. ನನ್ನ ದೃಷ್ಟಿಯಲ್ಲಿ ಈ ಉಪಕರಣದ ಅತ್ಯುತ್ತಮ ಗುಣ ಆ ಚಿಕ್ಕ ಅಂಕಿಯೇ.

ಮೊದಲ ಪರೀಕ್ಷೆಗೆ ಅಂಗಡಿಯ ಸಕ್ಕರೆಯೇ ಸಾಕಾಯಿತು. ಚಿನ್ನ ತೂಗುವ ಚಿಕ್ಕ ತಕ್ಕಡಿಯಲ್ಲಿ 15 ಗ್ರಾಂ ಸಕ್ಕರೆ ಮತ್ತು 85 ಗ್ರಾಂ ಬಟ್ಟಿ ಇಳಿಸಿದ ನೀರು ಸೇರಿಸಿದರೆ 15 ಬ್ರಿಕ್ಸಿನ ದ್ರಾವಣ ಸಿದ್ಧ. ಯಾರ ಮನೆಯಲ್ಲಾದರೂ ಮಾಡಿ ನೋಡಬಹುದು. ಬಾಟಲಿಯನ್ನೂ ಎರಡೂ ಉಪಕರಣಗಳನ್ನೂ ಒಂದೇ ಜಾಗದಲ್ಲಿ ಬಹಳ ಹೊತ್ತು ಇಟ್ಟು, ಮೂರೂ ಒಂದೇ ತಾಪಮಾನಕ್ಕೆ ಬಂದ ಮೇಲೆ ಅಳೆದೆವು. ಬೆಳಗಿನ ಚಳಿಯಲ್ಲಿ, ಸುಮಾರು 16 ಡಿಗ್ರಿಯಲ್ಲಿ, ಡಿಜಿಟಲ್ 15.0 ಅಥವಾ 15.1 ತೋರಿಸಿತು, ಮಸೂರದ್ದೂ 15ರ ಗೆರೆಯ ಮೇಲೇ ನಿಂತಿತು. ಬಿಸಿಲಿಳಿಯದ ಮಾಡಿನ ಕೆಳಗೆ, 35 ಡಿಗ್ರಿಯಲ್ಲಿ, ಡಿಜಿಟಲ್ 14.9ರಲ್ಲಿ ಉಳಿದರೆ ಮಸೂರದ್ದು 14.6ರ ಹತ್ತಿರಕ್ಕೆ ಇಳಿದಿತ್ತು. ಸರಿದೂಗಿಕೆಯೇ ಇಲ್ಲದ ಉಪಕರಣವಾಗಿದ್ದರೆ ಇಲ್ಲಿ ಒಂದು ಬ್ರಿಕ್ಸಿಗಿಂತ ಹೆಚ್ಚು ಕಡಿಮೆ ತೋರಿಸಬೇಕಿತ್ತು. ದ್ವಿಲೋಹದ ಪಟ್ಟಿ ತನ್ನ 30 ಡಿಗ್ರಿಯ ಮಿತಿಯವರೆಗೆ ಕೆಲಸ ಮಾಡಿ ಅಲ್ಲಿಗೆ ಕೈಬಿಟ್ಟಿದೆ ಎಂದು ಈ ಅಂಕಿಗಳಿಂದ ತಿಳಿಯುತ್ತದೆ. ಎಲ್ಲವೂ ನಿಧಾನವಾಗಿ ಒಂದೇ ತಾಪಮಾನಕ್ಕೆ ಬರುವಷ್ಟು ಸಮಯ ಕೊಟ್ಟರೆ, ಕೈಪಿಡಿ ಹೇಳುವ ±0.2 ಬ್ರಿಕ್ಸಿನ ನಿಖರತೆ ಡಿಜಿಟಲ್ ಉಪಕರಣದಲ್ಲಿ ನಿಜವಾಗಿಯೂ ಸಿಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಎಟಿಸಿ ಇಲ್ಲದ ಅತಿ ಅಗ್ಗದ ಮಸೂರದ ಉಪಕರಣ ಯಾರ ಬಳಿಯಾದರೂ ಇದ್ದರೆ ಅದನ್ನು ಎಸೆಯಬೇಕಿಲ್ಲ. ಕಬ್ಬಿನ ಹಾಲಿನಂತಹ ತೆಳು ದ್ರವಕ್ಕೆ, ಅದೇ ಜಾಗದಲ್ಲಿ ಅದೇ ತಾಪಮಾನದಲ್ಲಿರುವ ನೀರಿನಿಂದ ಸೊನ್ನೆಯನ್ನು ಹೊಂದಿಸಿಕೊಂಡರೆ ತಾಪಮಾನದ ದೋಷದ ಬಹುಪಾಲು ತಾನಾಗಿಯೇ ಕಳೆದುಹೋಗುತ್ತದೆ, ಏಕೆಂದರೆ ನೀರು ಮತ್ತು 15ರಿಂದ 20 ಬ್ರಿಕ್ಸಿನ ಹಾಲು ಬಿಸಿಗೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ. ಆದರೆ ಎಟಿಸಿ ಇರುವ ಮಸೂರದ ಉಪಕರಣಕ್ಕೆ ಇದೇ ಉಪಾಯ ಮಾಡಬಾರದು; ಅದರ ಸೊನ್ನೆಯನ್ನು 20 ಡಿಗ್ರಿಯ ಹತ್ತಿರವೇ ಹೊಂದಿಸಬೇಕು, ಇಲ್ಲವಾದರೆ ಮಿತಿಯ ಹೊರಗಿನ ತಪ್ಪು ಎಲ್ಲ ಅಳತೆಗಳಿಗೂ ಅಂಟಿಕೊಳ್ಳುತ್ತದೆ.

ನಿಂತ ದ್ರಾವಣದಲ್ಲಿ ಗೆದ್ದ ಉಪಕರಣವನ್ನು ಕೊಪ್ಪರಿಗೆಯ ಹತ್ತಿರ ತಂದಾಗ ಕಥೆ ಬದಲಾಗುತ್ತದೆ. ಪಾಕದ ಹದ ನೋಡುವ ಹೊತ್ತಿಗೆ ಯಾರಿಗೂ ಕಾಯುವ ವ್ಯವಧಾನವಿರುವುದಿಲ್ಲ. ಸೌಟಿನಿಂದ ತೆಗೆದ ಪಾಕವನ್ನು ಸ್ವಲ್ಪ ಆರಿಸಿ, ಇನ್ನೂ 60 ಡಿಗ್ರಿಯಷ್ಟು ಬಿಸಿಯಿರುವಾಗಲೇ ಬಟ್ಟಲಿಗೆ ಹಾಕಿ ಗುಂಡಿ ಒತ್ತಿದರೆ ಮೂರು ಸೆಕೆಂಡಿನಲ್ಲಿ ಒಂದು ಅಂಕಿ ಬರುತ್ತದೆ. ಉದಾಹರಣೆಗೆ 69.2, ತಾಪಮಾನ 32. ಮತ್ತೆ ಒತ್ತಿದರೆ 69.6, ತಾಪಮಾನ 33. ಇನ್ನೂ ಸ್ವಲ್ಪ ತಡೆದು ಒತ್ತಿದರೆ 69.9, ತಾಪಮಾನ 34, ಆಮೇಲೆ ಅದು ಅಲ್ಲಿಯೇ ನಿಲ್ಲುತ್ತದೆ. ಮೊದಲ ಅಂಕಿ ಸುಳ್ಳಾದದ್ದಕ್ಕೆ ಕಾರಣ ಸರಳ: ಉಕ್ಕಿನ ಬಟ್ಟಲು ಮತ್ತು ಪ್ರಿಸಂನ ರಾಶಿ ದೊಡ್ಡದು, ಹನಿ ಚಿಕ್ಕದು. ಆದರೂ ಪಾಕದಂತಹ ಮಂದ ದ್ರವ ತನ್ನ ಬಿಸಿಯನ್ನು ಬಿಟ್ಟುಕೊಡಲು ಸಮಯ ತೆಗೆದುಕೊಳ್ಳುತ್ತದೆ. ಸಂವೇದಕ 32 ಎನ್ನುವಾಗ ಪ್ರಿಸಂಗೆ ತಾಗಿದ ಪದರ ಇನ್ನೂ 40ರಲ್ಲಿರುತ್ತದೆ, ಆ ಎಂಟು ಡಿಗ್ರಿಯ ಲೆಕ್ಕ ತಪ್ಪಿಹೋಗುತ್ತದೆ, ಅಳತೆ ನಿಜಕ್ಕಿಂತ ಅರ್ಧ ಬ್ರಿಕ್ಸಿಗೂ ಮಿಕ್ಕಿ ಕೆಳಗೆ ಕಾಣುತ್ತದೆ. ಪರದೆಯ ತಾಪಮಾನ ಎರಡು ಸಲ ಒಂದೇ ಬಂದ ಮೇಲಷ್ಟೇ ಅಂಕಿಯನ್ನು ನಂಬಬೇಕು ಎಂಬುದನ್ನು ನಾವು ಘಟಕದ ಗೋಡೆಯ ಮೇಲೆ ಬರೆದಿಟ್ಟಿದ್ದೇವೆ. ಮಸೂರದ ಉಪಕರಣದಲ್ಲಿ ಈ ಎಚ್ಚರಿಕೆಗೆ ಆಧಾರವೇ ಇಲ್ಲ, ಗಡಿರೇಖೆ ಮೆಲ್ಲಗೆ ಮೇಲೇರುವುದು ಕಂಡರೂ ಅದು ಎಲ್ಲಿ ನಿಂತಿತು ಎಂದು ಕಣ್ಣಂದಾಜಿನಿಂದಲೇ ತೀರ್ಮಾನಿಸಬೇಕು.

ಹಾಗೆಂದು ತುಂಬಾ ಹೊತ್ತು ಕಾಯುವಂತೆಯೂ ಇಲ್ಲ. ಬಿಸಿ ಹನಿಯಿಂದ ನೀರು ಆವಿಯಾಗುತ್ತಿರುತ್ತದೆ, ನೀರು ಹೋದಷ್ಟೂ ಬ್ರಿಕ್ಸ್ ಏರುತ್ತದೆ. ಗಟ್ಟಿ ಪಾಕದಲ್ಲಿ ಈ ಏರಿಕೆ ನಿಧಾನ, ಕುದಿಯುವ ಹಂತದ ತೆಳು ಹಾಲಿನಲ್ಲಿ ಬಹಳ ಬೇಗ. ಚಮಚದಲ್ಲಿ ಊದಿ ಊದಿ ಆರಿಸಿದ ಹಾಲು ಕೊಪ್ಪರಿಗೆಯಲ್ಲಿರುವ ಹಾಲಾಗಿ ಉಳಿದಿರುವುದಿಲ್ಲ, ಅದನ್ನು ಯಾವ ಎಟಿಸಿಯೂ ಸರಿಪಡಿಸಲಾರದು. ಕೈಗೆಟಕುವ ದಾರಿಯೆಂದರೆ ಚಿಕ್ಕ ಗಾಜಿನ ಸೀಸೆಯಲ್ಲಿ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು, ತಣ್ಣೀರಿನಲ್ಲಿ ಅದ್ದಿ ಆರಿಸಿ, ಒಮ್ಮೆ ಅಲುಗಿಸಿ ನಂತರ ಅಳೆಯುವುದು. ಡಿಜಿಟಲ್ ಉಪಕರಣದ ಬಟ್ಟಲಿಗೆ ಒಂದು ಮಡಚುವ ಮುಚ್ಚಳವಿದ್ದಿದ್ದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತಿತ್ತು. ಹನ್ನೆರಡು ಸಾವಿರದ ವಸ್ತುವಿನಲ್ಲಿ ಅದಿಲ್ಲದಿರುವುದು ನನ್ನ ಮಟ್ಟಿಗೆ ದೊಡ್ಡ ಕೊರತೆ. ಎದುರಿನ ಅಂಚಿನ ಸಮಸ್ಯೆಯೂ ಇದೆ: ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ಮಾದರಿಯನ್ನು ನೇರವಾಗಿ ಹಾಕಿದರೆ ಗಾಳಿಯ ತೇವ ಬಟ್ಟಲಿನ ಮೇಲೆ ಇಬ್ಬನಿಯಾಗಿ ಕೂತು ಹನಿಗೆ ನೀರು ಬೆರೆಸುತ್ತದೆ.

ಈಗ ಜೇನಿನ ವಿಷಯ. ಇಲ್ಲಿ ಸರಿದೂಗಿಕೆಯ ಎರಡನೆಯ ಅಗತ್ಯ, ಎಂದರೆ ದ್ರವದ ಸ್ವಭಾವದ ಅರಿವು, ಮುಂದಕ್ಕೆ ಬರುತ್ತದೆ. ಜೇನಿನ ಸೂಚ್ಯಂಕಕ್ಕೂ ತೇವಾಂಶಕ್ಕೂ ಇರುವ ನಂಟನ್ನು 1932ರಲ್ಲಿ ಚಾಟವೇ ಕೋಷ್ಟಕವಾಗಿ ಕೊಟ್ಟರು, 1955ರಲ್ಲಿ ವೆಡ್‌ಮೋರ್ ಅದನ್ನು ಪರಿಷ್ಕರಿಸಿದರು. ಆ ಕೋಷ್ಟಕದ ಪ್ರಕಾರ 20 ಡಿಗ್ರಿಯಲ್ಲಿ ಸೂಚ್ಯಂಕ 1.4915 ಇದ್ದರೆ ತೇವಾಂಶ ಶೇಕಡಾ 18, 1.4865 ಇದ್ದರೆ ಶೇಕಡಾ 20. ಎಂದರೆ ಒಂದು ಅಂಶ ತೇವಾಂಶಕ್ಕೆ 0.0025. ಜೇನಿನ ಸೂಚ್ಯಂಕ ಒಂದು ಡಿಗ್ರಿಗೆ ಸುಮಾರು 0.00023ರಷ್ಟು ಇಳಿಯುತ್ತದೆ. ಗಣಿತ ಮಾಡಿದರೆ ಹತ್ತು ಡಿಗ್ರಿಯ ಸೆಖೆ ತೇವಾಂಶವನ್ನು ಸುಮಾರು ಶೇಕಡಾ 0.9ರಷ್ಟು ಹೆಚ್ಚಿಸಿ ತೋರಿಸುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿ ಸಾಮಾನ್ಯ ಜೇನಿಗೆ ಗರಿಷ್ಠ ಮಿತಿ ಶೇಕಡಾ 20. ಪಶ್ಚಿಮಘಟ್ಟದ ತುಡುವೆ ಜೇನು ಸಹಜವಾಗಿಯೇ ಈ ಗಡಿಯ ಆಚೀಚೆ ಓಡಾಡುವಂಥದ್ದು, ಎರಿಯ ಕೋಶಗಳಿಗೆ ಹುಳುಗಳು ಮೇಣದ ಮುಚ್ಚಳ ಹಾಕುವ ಮೊದಲೇ ತೆಗೆದರೆ ಸಲೀಸಾಗಿ ದಾಟುತ್ತದೆ. ಹೀಗಿರುವಾಗ 0.9ರ ದೋಷವೆಂದರೆ ಒಬ್ಬ ಕೃಷಿಕನ ಇಡೀ ಡಬ್ಬ ತಿರಸ್ಕೃತವಾಗುವುದು ಅಥವಾ ಸ್ವೀಕೃತವಾಗುವುದು.

ನಮ್ಮ ಉಪಕರಣದಲ್ಲಿ ಬ್ರಿಕ್ಸ್, ಜೇನಿನ ತೇವಾಂಶ ಮತ್ತು ಬರೀ ವಕ್ರೀಭವನ ಸೂಚ್ಯಂಕ ಎಂಬ ಮೂರು ಆಯ್ಕೆಗಳಿವೆ. ಮೊದಲೆರಡಕ್ಕೆ ಸರಿದೂಗಿಕೆ ಇದೆ, ಮೂರನೆಯದಕ್ಕೆ ಇಲ್ಲ, ಅದು ಆ ಕ್ಷಣದ ತಾಪಮಾನದಲ್ಲಿ ಕಂಡದ್ದನ್ನು ಹಾಗೆಯೇ ಹೇಳುತ್ತದೆ. ಈ ಮೂರನೆಯ ಆಯ್ಕೆಯನ್ನು ಬಹಳ ಮಂದಿ ಮುಟ್ಟುವುದಿಲ್ಲ, ನನಗೆ ಅದೇ ಅತ್ಯಂತ ಪ್ರಾಮಾಣಿಕವಾಗಿ ಕಾಣುತ್ತದೆ. ಅದರ ಅಂಕಿಗೆ, 20 ಡಿಗ್ರಿಗಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ 0.00023 ಕೂಡಿಸಿ, ಕೋಷ್ಟಕದಲ್ಲಿ ನೋಡಿದಾಗ ಬಂದ ತೇವಾಂಶ ಉಪಕರಣವೇ ಜೇನಿನ ಆಯ್ಕೆಯಲ್ಲಿ ತೋರಿಸಿದ ತೇವಾಂಶಕ್ಕೆ ಶೇಕಡಾ 0.2ರ ಒಳಗೆ ಹೊಂದಿತು. ಅಂದರೆ ತಯಾರಕರು ಜೇನಿಗೆ ಜೇನಿನದೇ ಲೆಕ್ಕ ಹಾಕಿದ್ದಾರೆ, ಸಕ್ಕರೆಯ ಲೆಕ್ಕವನ್ನೇ ತಂದು ಅಂಟಿಸಿಲ್ಲ. ಇದಕ್ಕೆ ಪೂರ್ಣ ಅಂಕ. ಬ್ರಿಕ್ಸ್ ಅಳೆದು ನೂರರಿಂದ ಕಳೆದು ತೇವಾಂಶ ಹೇಳುವವರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಶೇಕಡಾ 20 ತೇವಾಂಶದ ಜೇನು ಬ್ರಿಕ್ಸ್ ಅಳತೆಯಲ್ಲಿ ಸುಮಾರು 78.4 ತೋರಿಸುವುದರಿಂದ ಆ ದಾರಿಯಲ್ಲಿ 21.6 ಬಂದು, ಒಳ್ಳೆಯ ಜೇನೇ ಕೆಟ್ಟ ಹೆಸರು ಹೊರುತ್ತದೆ.

ಮಸೂರದ ಜೇನು ರಿಫ್ರ್ಯಾಕ್ಟೋಮೀಟರಿನ ಬಗ್ಗೆ ಒಂದು ಗಂಭೀರ ಎಚ್ಚರಿಕೆಯನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಇದನ್ನು ಮಾರುವವರು ಹೇಳುವುದಿಲ್ಲ. ಈ ಉಪಕರಣದ ಮಾಪಕ ನೀರಿನವರೆಗೆ ಇಳಿಯುವುದಿಲ್ಲವಾದ್ದರಿಂದ ನೀರಿನಿಂದ ಸೊನ್ನೆ ಹೊಂದಿಸಲಾಗದು. ಅದರ ಬದಲು ಆಲಿವ್ ಎಣ್ಣೆಯ ಹನಿ ಹಾಕಿ, ಗಡಿರೇಖೆಯನ್ನು ನಿಗದಿತ ಗೆರೆಗೆ ತಿರುಪಿನಿಂದ ತರುವ ಪದ್ಧತಿ ಜೇನು ಸಾಕಣೆಯವರಲ್ಲಿ ಎಲ್ಲೆಡೆ ಹಬ್ಬಿದೆ. 20 ಡಿಗ್ರಿಯ ದೇಶದಲ್ಲಿ ಇದು ನಡೆದೀತು. ನಮ್ಮಲ್ಲಿ 30 ಡಿಗ್ರಿಯಲ್ಲಿ ಮಾಡಿದರೆ ಏನಾಗುತ್ತದೆ ನೋಡಿ. ಎಣ್ಣೆಯ ಸೂಚ್ಯಂಕ ಒಂದು ಡಿಗ್ರಿಗೆ 0.00037ರ ಆಸುಪಾಸಿನಲ್ಲಿ ಇಳಿಯುತ್ತದೆ, ಹತ್ತು ಡಿಗ್ರಿಗೆ 0.0037. ಒಳಗಿನ ದ್ವಿಲೋಹದ ಪಟ್ಟಿ ಸಕ್ಕರೆ ಮತ್ತು ಜೇನಿಗೆ ತಕ್ಕಂತೆ 0.0020ರಿಂದ 0.0023ರಷ್ಟನ್ನು ಮಾತ್ರ ಸರಿದೂಗಿಸುತ್ತದೆ. ಉಳಿದ 0.0015ರಷ್ಟು ಕೊರತೆಯನ್ನು ನಾವು ಉಪಕರಣದ ದೋಷವೆಂದು ತಿಳಿದು ತಿರುಪು ತಿರುಗಿಸಿ ಮುಚ್ಚುತ್ತೇವೆ. ಅಲ್ಲಿಂದ ಮುಂದೆ ಅಳೆದ ಪ್ರತಿ ಜೇನೂ ಶೇಕಡಾ 0.6ರಷ್ಟು ಕಡಿಮೆ ತೇವಾಂಶ ತೋರಿಸುತ್ತದೆ, 20.6 ಇರುವ ಜೇನು 20ರಲ್ಲಿ ತೇರ್ಗಡೆಯಾಗಿ, ಮಳೆ ಹಿಡಿದ ಮೇಲೆ ಗೋದಾಮಿನಲ್ಲಿ ಹುದುಗುತ್ತದೆ. ಸಾಲದ್ದಕ್ಕೆ ಎಣ್ಣೆಯೂ ಒಂದೇ ತೆರನಾಗಿರುವುದಿಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಕೂಡ ವರ್ಜಿನ್ ಆಲಿವ್ ಎಣ್ಣೆಗೆ 1.4677ರಿಂದ 1.4705ರವರೆಗಿನ ಅವಕಾಶ ಕೊಟ್ಟಿದೆ, ಆ ಅಂತರವೇ ತೇವಾಂಶದ ಲೆಕ್ಕದಲ್ಲಿ ಒಂದು ಅಂಶಕ್ಕೂ ಹೆಚ್ಚು. ಡಿಜಿಟಲ್ ಉಪಕರಣ ನೀರಿನಿಂದಲೇ ಸೊನ್ನೆ ಹೊಂದಿಸಿಕೊಳ್ಳುವುದರಿಂದ ಈ ಗೋಜಿನಿಂದ ಪಾರಾಗಿದೆ. ಜೇನಿಗಾಗಿ ಕೊಳ್ಳುವವರಿಗೆ ಇದೊಂದೇ ಕಾರಣ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಹರಳುಗಟ್ಟಿದ ಜೇನಿನಲ್ಲಿ ಮಾತ್ರ ಎರಡೂ ಉಪಕರಣಗಳು ಸೋಲುತ್ತವೆ. ಬೆಳಕು ನೋಡುವುದು ಪ್ರಿಸಂಗೆ ತಾಗಿದ ಅತಿ ತೆಳುವಾದ ಪದರವನ್ನಷ್ಟೆ. ಅಲ್ಲಿರುವುದು ಹರಳುಗಳ ನಡುವಿನ ತೆಳು ದ್ರವವಾದ್ದರಿಂದ ತೇವಾಂಶ ಹೆಚ್ಚು ಕಾಣುತ್ತದೆ. ಮುಚ್ಚಿದ ಸೀಸೆಯಲ್ಲಿ ಬೆಚ್ಚಗಿನ ನೀರಿನಲ್ಲಿಟ್ಟು ಹರಳು ಪೂರ್ತಿ ಕರಗಿಸಿ, ಆರಿಸಿ ಅಳೆಯುವುದಲ್ಲದೆ ಬೇರೆ ದಾರಿಯಿಲ್ಲ.

ಕುಮಟಾ ಕಡೆಯ ಪರಿಚಿತರು ಇದೇ ಉಪಕರಣದಿಂದ ತೆಂಗಿನೆಣ್ಣೆಯ ಕಲಬೆರಕೆ ಕಂಡುಹಿಡಿಯಬಹುದೇ ಎಂದು ಕೇಳಿದ್ದರು. ತೆಂಗಿನೆಣ್ಣೆಗೆ ನಿಗದಿಯಾದ ಸೂಚ್ಯಂಕ 40 ಡಿಗ್ರಿಯಲ್ಲಿ 1.4481ರಿಂದ 1.4491, ಎಂದರೆ ಇಡೀ ಕಿಟಕಿಯ ಅಗಲ 0.0010. ಎಣ್ಣೆಯ ತಾಪಮಾನ ಮೂರು ಡಿಗ್ರಿ ತಪ್ಪಿದರೆ ಆ ಕಿಟಕಿಯೇ ಮುಗಿದುಹೋಗುತ್ತದೆ. ಎಣ್ಣೆಗೆ ಬೇಕಾದ ಸರಿದೂಗಿಕೆ ಈ ಉಪಕರಣದಲ್ಲಿಲ್ಲ, ±0.0003ರ ನಿಖರತೆಯೂ ಸಾಲದು. ನೀರು ಹರಿಸಿ 40 ಡಿಗ್ರಿಯಲ್ಲೇ ಹಿಡಿದಿಡುವ ಅಬ್ಬೆ ಮಾದರಿಯೇ ಬೇಕು. ಪೆಟ್ಟಿಗೆಯ ಮೇಲೆ ಎಣ್ಣೆಯ ಹನಿಯ ಚಿತ್ರವನ್ನೂ ಹಾಕಿರುವುದು ತಯಾರಕರ ಅತ್ಯುತ್ಸಾಹ.

ಒತ್ತಡದ ಪ್ರಶ್ನೆಗೆ ಬರೋಣ. ಘಟ್ಟದ ಮೇಲಿನವರು ಎತ್ತರದ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಎಂಬ ಅನುಮಾನ ಸಹಜ. ದ್ರವದ ಮಟ್ಟಿಗೆ ಉತ್ತರ ‘ಹಿಡಿಯಬೇಕಿಲ್ಲ’ ಎಂದೇ. ನೀರಿನ ಸೂಚ್ಯಂಕ ಒಂದು ಬಾರ್ ಒತ್ತಡಕ್ಕೆ ಏರುವುದು ಸುಮಾರು 0.000015 ಮಾತ್ರ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೂ ಕಡಲತಡಿಯ ಕುಮಟೆಗೂ ಇರುವ ವಾಯುಭಾರದ ಅಂತರ ಒಂದು ಬಾರಿನ ಹತ್ತನೆಯ ಭಾಗದಷ್ಟೂ ಅಲ್ಲವಾದ್ದರಿಂದ, ಅದು ಯಾವ ಜೇಬಿನ ಉಪಕರಣಕ್ಕೂ ಕಾಣದು. ಕಾರ್ಖಾನೆಯ ಕೊಳವೆಯಲ್ಲಿ ಹತ್ತು ಬಾರ್ ಒತ್ತಡದಲ್ಲಿ ಹರಿಯುವ ರಸವನ್ನು ಅಲ್ಲಿಯೇ ಅಳೆಯುವಾಗ ಮಾತ್ರ ಅದು 0.1 ಬ್ರಿಕ್ಸಿನಷ್ಟಾಗಿ ಲೆಕ್ಕಕ್ಕೆ ಬರುತ್ತದೆ.

ಆದರೆ ಆಲೆಮನೆಯಲ್ಲಿ ಒತ್ತಡ ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ರಿಫ್ರ್ಯಾಕ್ಟೋಮೀಟರ್ ಇಲ್ಲದವರು ಪಾಕದ ಹದವನ್ನು ಉಷ್ಣಮಾಪಕದಿಂದ ನೋಡುತ್ತಾರೆ. ಜೋನಿ ಬೆಲ್ಲಕ್ಕೆ 103ರಿಂದ 106 ಡಿಗ್ರಿ, ಅಚ್ಚು ಬೆಲ್ಲಕ್ಕೆ 118ರ ಆಸುಪಾಸು ಎಂಬ ಸೂತ್ರಗಳು ಪುಸ್ತಕಗಳಲ್ಲಿವೆ. ಈ ಅಂಕಿಗಳೆಲ್ಲ ನೀರು 100 ಡಿಗ್ರಿಯಲ್ಲಿ ಕುದಿಯುವ ಜಾಗಕ್ಕೆ ಹತ್ತಿರವಾದವು. 600 ಮೀಟರ್ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯ 105ಕ್ಕೆ ಘಟ್ಟದ ಮೇಲೆ 103 ಸಮ. ಇದನ್ನು ತಿಳಿಯದೆ 105ರವರೆಗೆ ಕಾಯಿಸಿದರೆ ಪಾಕ ಹೆಚ್ಚು ಗಟ್ಟಿಯಾಗಿ ಹರಳಿನ ದಾರಿ ಹಿಡಿಯುತ್ತದೆ. ರಿಫ್ರ್ಯಾಕ್ಟೋಮೀಟರಿಗೆ ಈ ಹಂಗಿಲ್ಲ, ಅದು ನೋಡುವುದು ಪಾಕದಲ್ಲಿ ಕರಗಿದ್ದು ಎಷ್ಟು ಎಂಬುದನ್ನು, ಪಾಕ ಎಷ್ಟು ಡಿಗ್ರಿಗೆ ಕುದಿಯಿತು ಎಂಬುದನ್ನಲ್ಲ. ನಮ್ಮಲ್ಲಿ ಈಗ ಉಷ್ಣಮಾಪಕದಿಂದ ಹದ ಹತ್ತಿರ ಬಂದದ್ದನ್ನು ತಿಳಿದು, ರಿಫ್ರ್ಯಾಕ್ಟೋಮೀಟರಿನಿಂದ ಅದನ್ನು ಖಚಿತಪಡಿಸಿಕೊಳ್ಳುತ್ತೇವೆ. ಬ್ರಿಕ್ಸ್ ಎಂದು ಅದು ತೋರಿಸುವುದರಲ್ಲಿ ಗ್ಲುಕೋಸ್, ಫ್ರಕ್ಟೋಸ್, ಲವಣಗಳೂ ಸೇರಿರುತ್ತವೆ. ಬಾಳಿಕೆಯ ಲೆಕ್ಕಕ್ಕೆ ಅದರಿಂದ ಬಾಧಕವಿಲ್ಲ.

ಅನಿಲದಲ್ಲಿ ಒತ್ತಡ ನಿರ್ಣಾಯಕವಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಪೀಣ್ಯದಂತಹ ಕಡೆ ಸಿಎನ್‌ಸಿ (ಗಣಕ ನಿಯಂತ್ರಿತ) ಯಂತ್ರಗಳ ಚಲನೆಯನ್ನು ಲೇಸರ್ ಇಂಟರ್‌ಫೆರೋಮೀಟರಿನಿಂದ, ಎಂದರೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಉಪಕರಣದಿಂದ, ಪರೀಕ್ಷಿಸುವಾಗ ಅಳತೆಗೋಲು ಬೆಳಕಿನ ತರಂಗಾಂತರವೇ ಆಗಿರುತ್ತದೆ, ಅದು ಗಾಳಿಯ ಸೂಚ್ಯಂಕಕ್ಕೆ ತಕ್ಕಂತೆ ಬದಲಾಗುತ್ತದೆ. ಗಾಳಿಯ ತಾಪಮಾನ ಒಂದು ಡಿಗ್ರಿ ಬದಲಾದರೆ ಹತ್ತು ಲಕ್ಷಕ್ಕೆ ಒಂದು ಪಾಲು, ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಬದಲಾದರೆ ಕಾಲು ಪಾಲಿಗಿಂತ ತುಸು ಹೆಚ್ಚು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸಮುದ್ರಮಟ್ಟದ ಒತ್ತಡವನ್ನೇ ಇಟ್ಟುಕೊಂಡು ಅಳೆದರೆ ಒಂದು ಮೀಟರಿಗೆ 28 ಮೈಕ್ರೊಮೀಟರಿನಷ್ಟು ತಪ್ಪು ಬರುತ್ತದೆ. ಅದಕ್ಕೆಂದೇ ಆ ಉಪಕರಣಗಳ ಜೊತೆ ತಾಪಮಾನ, ಒತ್ತಡ, ಆರ್ದ್ರತೆ ಮೂರನ್ನೂ ಓದಿ, 1966ರ ಎಡ್ಲೆನ್ ಸೂತ್ರ ಅಥವಾ 1996ರ ಸಿಡ್ಡೋರ್ ಸೂತ್ರದಂತೆ ಸರಿದೂಗಿಸುವ ಪ್ರತ್ಯೇಕ ಪೆಟ್ಟಿಗೆಯೇ ಇರುತ್ತದೆ. ಅಲ್ಲಿ ಸರಿದೂಗಿಕೆಯ ಪ್ರತಿ ಅಂಕಿಯೂ ಬಳಸುವವನ ಕಣ್ಣೆದುರಿಗಿರುತ್ತದೆ. ಹನ್ನೆರಡು ಸಾವಿರದ ಉಪಕರಣದಿಂದ ಅಷ್ಟನ್ನು ಕೇಳುವುದಿಲ್ಲ, ಆದರೆ ಯಾವ ದ್ರವಕ್ಕೆ ಯಾವ ಗುಣಾಂಕ ಬಳಸಲಾಗಿದೆ ಎಂಬ ಒಂದು ಸಾಲನ್ನು ಕೈಪಿಡಿಯಲ್ಲಿ ಮುದ್ರಿಸಲು ಖರ್ಚೇನೂ ಆಗದು.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸಬಹುದು. ಮೈ ಗಟ್ಟಿಯಾಗಿದೆ, ನಲ್ಲಿಯ ಕೆಳಗೆ ತೊಳೆಯಬಹುದು. ಅಂಟು ಜೇನನ್ನು ತೊಳೆದ ಬಿಸಿನೀರು ಬಟ್ಟಲನ್ನು ಬಿಸಿ ಮಾಡುವುದರಿಂದ, ಮುಂದಿನ ಹನಿಗೆ ಮೊದಲು ಒರೆಸಿ ಸ್ವಲ್ಪ ಬಿಡಬೇಕು. ನೇರ ಬಿಸಿಲಿನಲ್ಲಿ ಹೊರಗಿನ ಬೆಳಕು ಒಳನುಗ್ಗಿ ದೋಷಸೂಚನೆ ಬರುತ್ತದೆ, ಅಂಗೈಯಿಂದ ನೆರಳು ಮಾಡಿದರೆ ಸರಿಯಾಗುತ್ತದೆ. ಕದಡಿದ ಕಬ್ಬಿನ ಹಾಲಿನಲ್ಲಿ ಮಸೂರದ ಗಡಿರೇಖೆ ಮಸುಕಾಗುವಲ್ಲಿ ಇದು ಸ್ಥಿರವಾದ ಅಂಕಿ ಕೊಡುತ್ತದೆ. ಜೊತೆಗೆ ಬಂದ ಪ್ರಮಾಣಪತ್ರ 20 ಡಿಗ್ರಿಯಲ್ಲಿ, ಒಂದೇ ಒಂದು ಸಕ್ಕರೆ ದ್ರಾವಣದಿಂದ ಪರೀಕ್ಷಿಸಿದ್ದು. 35 ಡಿಗ್ರಿಯಲ್ಲಿ ಪರೀಕ್ಷಿಸಿ ಕೊಡುವಿರಾ ಎಂದು ಮಾರಾಟಗಾರರನ್ನು ಕೇಳಿದ್ದಕ್ಕೆ ‘ಎಟಿಸಿ ಇದೆಯಲ್ಲ ಸರ್, ಅದರ ಅಗತ್ಯ ಬೀಳುವುದಿಲ್ಲ’ ಎಂಬ ಉತ್ತರ ಬಂತು. ಅಗತ್ಯ ಬೀಳುವುದು ಎಟಿಸಿ ಇರುವುದರಿಂದಲೇ. ಹಾಗಾಗಿ ವರ್ಷಕ್ಕೊಮ್ಮೆ 60 ಗ್ರಾಂ ಸಕ್ಕರೆಯನ್ನು 40 ಗ್ರಾಂ ನೀರಿನಲ್ಲಿ ಮುಚ್ಚಿದ ಸೀಸೆಯಲ್ಲಿ ಬಿಸಿಮಾಡಿ ಕರಗಿಸಿ, ಆರಿದ ಮೇಲೆ ತೂಕ ಕಡಿಮೆಯಾಗಿದ್ದರೆ ಅಷ್ಟು ನೀರು ಸೇರಿಸಿ, 60 ಬ್ರಿಕ್ಸಿನ ದ್ರಾವಣವನ್ನು ಬೆಳಗಿನ ಚಳಿಯಲ್ಲೂ ಮಧ್ಯಾಹ್ನದ ಸೆಖೆಯಲ್ಲೂ ನಾವೇ ಅಳೆದು ನೋಡುತ್ತೇವೆ. ನೀರಿನಿಂದ ಸೊನ್ನೆ ಹೊಂದಿಸಿದರೆ ಮಾಪಕದ ಕೆಳತುದಿ ಮಾತ್ರ ಖಾತ್ರಿಯಾಗುತ್ತದೆ. ಜೇನು ಮತ್ತು ಪಾಕ ಇರುವುದು ಮೇಲ್ತುದಿಯಲ್ಲಿ.

ಜೇನು ಕೊಳ್ಳುವ ಸಂಘಗಳಿಗೆ, ಜೋನಿ ಬೆಲ್ಲವನ್ನು ಡಬ್ಬಿ ಕಟ್ಟಿ ಮಾರುವವರಿಗೆ ಈ ಉಪಕರಣವನ್ನು ಅನುಮಾನವಿಲ್ಲದೆ ಶಿಫಾರಸು ಮಾಡುತ್ತೇನೆ. ಕಬ್ಬು ಕಡಿಯುವ ಹದ ಮಾತ್ರ ನೋಡಬೇಕಾದ ರೈತರಿಗೆ ಇಷ್ಟು ಖರ್ಚು ಬೇಡ. ನೆರಳಿನಲ್ಲಿ ನಿಂತು, ಅದೇ ತಾಪಮಾನದ ನೀರಿನಿಂದ ಸೊನ್ನೆ ಹೊಂದಿಸಿದ ಎಟಿಸಿ ಇಲ್ಲದ ಅಗ್ಗದ ಮಸೂರದ ಉಪಕರಣ ಸಾಕು. ಕೊಳ್ಳುವ ಮೊದಲು ಅಂಗಡಿಯಲ್ಲಿ ಎರಡು ವಿಷಯ ನೋಡಿಕೊಳ್ಳಿ: ಪರದೆಯ ಮೇಲೆ ತಾಪಮಾನ ಕಾಣುತ್ತದೆಯೇ, ಸರಿದೂಗಿಸದ ವಕ್ರೀಭವನ ಸೂಚ್ಯಂಕದ ಆಯ್ಕೆ ಇದೆಯೇ. ಎರಡೂ ಇಲ್ಲದ ಡಿಜಿಟಲ್ ಉಪಕರಣಗಳೂ ಹೆಚ್ಚು ಕಡಿಮೆ ಇದೇ ಬೆಲೆಗೆ ಸಿಗುತ್ತವೆ, ಅವುಗಳನ್ನು ಕೊಳ್ಳಬೇಡಿ.